ಬೆನ್ನಿಂಗ್ಟನ್ನಿನ ನೀಲಿ ಹಕ್ಕಿಯೂ ಬಣ್ಣದಡಿ ಅಡಗಿದ್ದ ಮುಕ್ಕೂ

ಅಮೆರಿಕದ ಹಳೆಯ ಸ್ಟೋನ್‌ವೇರ್ (ಹೆಚ್ಚು ಕಾವಿನಲ್ಲಿ ಸುಟ್ಟ ಗಟ್ಟಿ ಮಣ್ಣಿನ) ಪಾತ್ರೆಗಳನ್ನು ಆನ್‌ಲೈನ್‌ನಲ್ಲಿ ಮಾರುವ ವ್ಯಾಪಾರಿಯೊಬ್ಬರಿಂದ ನಾನು ಎರಡು ಗ್ಯಾಲನ್ ಅಳತೆಯ, ಕೊಂಬೆಯ ಮೇಲೆ ಕುಳಿತ ಹಕ್ಕಿಯ ಚಿತ್ರವಿರುವ ಜಾಡಿಯನ್ನು ತರಿಸಿಕೊಂಡೆ. ಕಂಠದ ಕೆಳಗೆ 'ಜೆ. ಅಂಡ್ ಇ. ನಾರ್ಟನ್, ಬೆನ್ನಿಂಗ್ಟನ್' ಎಂಬ ಅಚ್ಚು ಸ್ಪಷ್ಟವಾಗಿದೆ. ವರ್ಮಾಂಟ್ ರಾಜ್ಯದ ನಾರ್ಟನ್ ಕುಟುಂಬದ ಕುಂಬಾರಿಕೆಯು ಈ ಅಚ್ಚನ್ನು ಬಳಸಿದ್ದು 1850ರಿಂದ 1859ರವರೆಗೆ ಮಾತ್ರ. ವಿವರಣೆಯಲ್ಲಿ ವ್ಯಾಪಾರಿ ಕೊಟ್ಟಿದ್ದ ಕಾಲವೂ ಅದೇ ಆಗಿತ್ತು.

ಜಾಡಿಯ ಸೊಬಗನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಪಾತ್ರೆ ಸುಡುವ ಆವಿಗೆಯ ಕಾವು ತುದಿ ಮುಟ್ಟಿದಾಗ ಒಳಗೆ ಉಪ್ಪು ಎರಚಿದರೆ, ಅದರ ಆವಿಯು ಮಣ್ಣಿನ ಸಿಲಿಕಾದೊಂದಿಗೆ ಬೆರೆತು ಪಾತ್ರೆಯ ಮೇಲೆ ಗಾಜಿನಂತಹ ತೆಳುಪೊರೆಯಾಗುತ್ತದೆ. ಕಿತ್ತಳೆ ಸಿಪ್ಪೆಯನ್ನು ಹೋಲುವ ಆ ತರಿತರಿ ಹೊಳಪು ಇಲ್ಲಿ ಸುತ್ತಲೂ ಒಂದೇ ಹದದಲ್ಲಿದೆ. ಅಷ್ಟು ಉಗ್ರವಾದ ಕಾವನ್ನು ತಾಳಬಲ್ಲ ಬಣ್ಣಗಳು ಕೆಲವೇ ಆದ್ದರಿಂದ ಕುಂಬಾರರು ಕೋಬಾಲ್ಟ್ ನೀಲಿಯನ್ನೇ ನೆಚ್ಚಿಕೊಂಡರು. ಹಕ್ಕಿಯ ಬಾಲವನ್ನು ಚಿತ್ರಕಾರರು ಎಲ್ಲಿಯೂ ತಿದ್ದದೆ ಒಂದೇ ಎಳೆತದಲ್ಲಿ ಮುಗಿಸಿದ್ದಾರೆ. ನನ್ನ ಮಟ್ಟಿಗೆ ಇಡೀ ಜಾಡಿಯ ಬೆಲೆ ಆ ಒಂದು ಎಳೆತದಲ್ಲಿದೆ. ಒಂದರ ಮೇಲೊಂದು ಪೇರಿಸಿದ ಪಾತ್ರೆಗಳ ಒಳಗೆ ಉಪ್ಪಿನ ಆವಿ ಸರಿಯಾಗಿ ತಲುಪದ ಕಾರಣ, ಒಳಮೈಗೆ ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಕಂದು ಜೇಡಿಯನ್ನು ಬಳಿಯುತ್ತಿದ್ದರು. ಇದರಲ್ಲಿ ಆ ಲೇಪವೂ ಅಖಂಡವಾಗಿದೆ.

ಆದರೆ ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಬಾಯಂಚಿನ ಎರಡು ಅಂಗುಲ ಭಾಗ ಬೇರೆಯೇ ಬಣ್ಣದಲ್ಲಿ ಬೆಳಗಿತು. ಯಾರೋ ಮುಕ್ಕನ್ನು ತುಂಬಿ, ಮೇಲೆ ಹೊಸ ಬಣ್ಣ ಬಳಿದಿದ್ದರು. ವಿವರಣೆಯಲ್ಲಿ ಇದರ ಬಗ್ಗೆ ಒಂದು ಮಾತೂ ಇರಲಿಲ್ಲ. ಚಿತ್ರಗಳಲ್ಲಿ ಆ ಬದಿಯೇ ಕಾಣಿಸಿರಲಿಲ್ಲ. ಬೆಣ್ಣೆ, ಉಪ್ಪು ಹಾಕಿದ ಮಾಂಸ ಮುಂತಾದವನ್ನು ಇಡಲು ದಿನವೂ ಬಳಸುತ್ತಿದ್ದ ಪಾತ್ರೆಯ ಅಂಚು ಮುಕ್ಕಾಗುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ಅದನ್ನು ಮುಚ್ಚಿಟ್ಟು ಅಖಂಡ ಪಾತ್ರೆಯ ಬೆಲೆ ಕೇಳಿದ್ದು ಮಾತ್ರ ತಪ್ಪು. ಪತ್ರ ಬರೆದ ಮೇಲೆ ವ್ಯಾಪಾರಿ ವಾದಕ್ಕಿಳಿಯದೆ ಹಣದ ಒಂದು ಭಾಗವನ್ನು ಹಿಂದಿರುಗಿಸಿದರು. ನಾನು ಜಾಡಿಯನ್ನು ಇಟ್ಟುಕೊಂಡೆ.

ಪ್ಯಾಕಿಂಗ್ ಮೆಚ್ಚುವಂತಿತ್ತು: ಪೆಟ್ಟಿಗೆಯೊಳಗೆ ಪೆಟ್ಟಿಗೆ, ಜಾಡಿಯ ಎರಡೂ ಕಿವಿಗಳಿಗೆ, ಅಂದರೆ ಹಿಡಿಕೆಗಳಿಗೆ, ಪ್ರತ್ಯೇಕ ಮೆತ್ತೆ. ಇವರಿಂದ ಮತ್ತೆ ಕೊಳ್ಳುವುದಾದರೆ, ಬಾಯಂಚನ್ನೂ ಕಿವಿಗಳನ್ನೂ ನೇರಳಾತೀತ ಬೆಳಕಿನಲ್ಲಿ ತೆಗೆದ ಚಿತ್ರಗಳು ಕೈಸೇರುವ ತನಕ ನಾನು ಹಣ ಕಳುಹಿಸುವುದಿಲ್ಲ.