ಭಾನುವಾರದ ರೋಸ್ಟ್‌ಗೆ ಕೋಳಿಯೋ, ದನದ ಮಾಂಸವೋ, ಕುರಿಮರಿಯ ಭುಜವೋ?

ಇಂಗ್ಲೆಂಡಿನ ಮನೆಗಳಲ್ಲಿ ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ರೋಸ್ಟ್ ಊಟವನ್ನು (ಓವನ್‌ನಲ್ಲಿ ಬೇಯಿಸಿದ ದೊಡ್ಡ ಮಾಂಸದ ತುಂಡು, ಜೊತೆಗೆ ಓವನ್‌ನಲ್ಲೇ ಹುರಿದ ಆಲೂಗಡ್ಡೆ) ಮೊದಲ ಬಾರಿ ಮಾಡಹೊರಟವರೊಬ್ಬರು, ಈ ಮೂರರಲ್ಲಿ ಯಾವುದನ್ನು ತರಲಿ ಎಂದು ಕೇಳಿದ್ದಾರೆ.

ಖರ್ಚಿನಲ್ಲಿ ಕೋಳಿಯೇ ಹಗುರ. ನಾಲ್ವರಿಗೆ ಒಂದೂವರೆ ಕಿಲೋದ ಇಡೀ ಕೋಳಿ ಸಾಕು.

ನಿಜವಾದ ವ್ಯತ್ಯಾಸವಿರುವುದು ಸಮಯದಲ್ಲಿ. ಕೋಳಿ ಸುಮಾರು ಒಂದೂವರೆ ಗಂಟೆಯಲ್ಲಿ ಬೇಯುತ್ತದೆ, ಆದರೆ ಅದರ ಅತಿ ದಪ್ಪನೆಯ ಭಾಗದ ಒಳಗೆ 75 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೇ ಎಂದು ನೋಡಿಕೊಳ್ಳಬೇಕು. ದನದ ಮಾಂಸದ ನಡುಭಾಗವನ್ನು ಗುಲಾಬಿ ಬಣ್ಣದಲ್ಲೇ ಉಳಿಸಬಯಸುವವರು ಹತ್ತು ನಿಮಿಷ ಮೈಮರೆತರೂ ಆ ಹದ ತಪ್ಪಿಹೋಗುವುದರಿಂದ, ಥರ್ಮಾಮೀಟರ್ ಇಲ್ಲದವರಿಗೆ ನಾನು ಅದನ್ನು ಸೂಚಿಸಲಾರೆ. ಕುರಿಮರಿಯ ಭುಜವನ್ನು ಮುಚ್ಚಿ 160 ಡಿಗ್ರಿಯಲ್ಲಿ ನಾಲ್ಕು ಗಂಟೆ ಬಿಟ್ಟರೆ, ನೆಂಟರು ಅರ್ಧ ಗಂಟೆ ತಡವಾಗಿ ಬಂದರೂ ಕೆಡುವುದಿಲ್ಲ. ಆದರೆ ಆಲೂಗಡ್ಡೆ ಗರಿಗರಿಯಾಗಲು 200 ಡಿಗ್ರಿ ಬೇಕಿರುವುದರಿಂದ, ಒಂದೇ ಓವನ್ ಇರುವವರು ಮಾಂಸವನ್ನು ಹೊರತೆಗೆದು ಮುಚ್ಚಿಟ್ಟ ಬಳಿಕ ಶಾಖ ಏರಿಸಿಕೊಳ್ಳಬೇಕಾಗುತ್ತದೆ.

ಮೈದಾ, ಮೊಟ್ಟೆ, ಹಾಲು ಕಲಸಿ ಓವನ್‌ನಲ್ಲಿ ಉಬ್ಬಿಸುವ, ಸಿಹಿಯಿಲ್ಲದ ಯಾರ್ಕ್‌ಷೈರ್ ಪುಡಿಂಗ್ ದನದ ಮಾಂಸದ ಹಳೆಯ ಜೊತೆಗಾರ, ಪುದೀನ ಸಾಸ್ ಕುರಿಯದ್ದು. (ಪುದೀನ ಚಟ್ನಿ ಉಂಡು ಬೆಳೆದ ನಮ್ಮವರಿಗೆ ಅದರ ವಿನೆಗರ್ ಹುಳಿ ಅಷ್ಟೇನೂ ಅಪರಿಚಿತವೆನಿಸದು.)

ಉಳಿದ ಕುರಿಮಾಂಸ ಸೋಮವಾರ ಶೆಫರ್ಡ್ಸ್ ಪೈ (ಕೊಚ್ಚಿದ ಕುರಿಮಾಂಸದ ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಬೇಯಿಸುವ ಅಡುಗೆ) ಆಗುತ್ತದೆ, ಕೋಳಿಯ ಮೂಳೆ ಸೂಪಿಗೆ ಒದಗುತ್ತದೆ. ಹೀಗಾಗಿ ಕೈಬಿಗಿಯ ಚಿಕ್ಕ ಸಂಸಾರಕ್ಕೆ ಕೋಳಿ ಹೊಂದುತ್ತದೆ. ಗೋಮಾಂಸ ತಿನ್ನದ ನೆಂಟರು ಬರುವ, ಬೆಳಗ್ಗೆಯೇ ಒಲೆ ಹಚ್ಚಬಲ್ಲ ಮನೆಗೆ ಕುರಿಮರಿಯ ಭುಜ. ಅಡುಗೆಗೆ ಇಬ್ಬರು ನಿಲ್ಲುವ, ಮಕ್ಕಳು ಪುಡಿಂಗ್‌ಗಾಗಿಯೇ ಕಾದು ಕೂರುವ ಮನೆಗೆ ದನದ ಮಾಂಸ.