ಶಾಸನ ಓದಲು ಧಾರವಾಡವೋ, ಮೈಸೂರೋ?

ನಾನು ಎಂ.ಎ. ಓದಿದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಪಿಎಚ್.ಡಿ. ಮಾಡಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ. ವಿಷಯ ಎರಡೂ ಕಡೆ ಒಂದೇ: ಪ್ರಾಚೀನ ಇತಿಹಾಸ, ಅದರಲ್ಲೂ ಶಾಸನ. ಹೀಗಾಗಿ ಪದವಿ ಮುಗಿಸಿದ ಹುಡುಗ ಹುಡುಗಿಯರು ‘ಎಲ್ಲಿಗೆ ಅರ್ಜಿ ಹಾಕಲಿ’ ಎಂದು ಕೇಳಿದರೆ ‘ಎರಡೂ ಚೆನ್ನಾಗಿವೆ’ ಎಂದು ಜಾರಿಕೊಳ್ಳುವುದು ನನಗೆ ಒಗ್ಗುವುದಿಲ್ಲ. ನನ್ನ ಉತ್ತರ ಇಷ್ಟೇ: ಎಂ.ಎ.ಗೆ ಧಾರವಾಡ, ಸಂಶೋಧನೆಗೆ ಮೈಸೂರು. ವಿಜ್ಞಾನ, ವಾಣಿಜ್ಯ ಓದುವವರು ಇಲ್ಲಿಗೇ ನಿಲ್ಲಿಸಬಹುದು. ಅವರ ಲೆಕ್ಕವೇ ಬೇರೆ.

ನನ್ನ ಊರು ಹರಿಹರ. ಏಕೀಕರಣಕ್ಕೆ ಮೊದಲು ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಧಾರವಾಡದ ಹಾಸ್ಟೆಲಿನಲ್ಲಿ ನನ್ನನ್ನು ‘ಮೈಸೂರು ಕಡೆಯವರು’ ಎಂದರು. ಮೈಸೂರಿಗೆ ಹೋದರೆ ‘ಹುಬ್ಬಳ್ಳಿ ಕಡೆಯವರು’ ಎಂದರು. ಎರಡೂ ಪಾಳೆಯಕ್ಕೆ ಸೇರದವರಿಗೆ ಒಂದು ಅನುಕೂಲವಿದೆ, ಯಾರ ಪರವಾಗಿಯೂ ಜಗಳವಾಡಬೇಕಿಲ್ಲ. ಪೇಡೆ ಮೇಲೋ ಮೈಸೂರು ಪಾಕ್ ಮೇಲೋ ಎಂಬ ವಾದಕ್ಕೂ ನಾನು ಬರುವುದಿಲ್ಲ.

ಈ ಹಳೆಯ ಗಡಿ ಶಾಸನ ಓದುವವರನ್ನು ಇನ್ನೂ ಬಿಟ್ಟಿಲ್ಲ. ಹರಿಹರದ ಶಾಸನ ಬೇಕೆಂದರೆ ಬಿ.ಎಲ್. ರೈಸ್ ಸಂಪಾದಿಸಿದ, ಮೈಸೂರು ಸಂಸ್ಥಾನದ ಶಾಸನಗಳ ಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ 11ನೇ ಸಂಪುಟ ತೆರೆಯಬೇಕು. ಹೊಳೆ ದಾಟಿದಿರೋ, ಆ ಸಂಪುಟಗಳು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನವು ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ, ಅಂದರೆ 11, 15, 18 ಮತ್ತು 20ರಲ್ಲಿ ಹಂಚಿಹೋಗಿವೆ. ಒಂದೇ ಅರಸ ಹೊಳೆಯ ಎರಡೂ ಬದಿಗೆ ದತ್ತಿ ಬಿಟ್ಟಿರುತ್ತಾನೆ. ಅದನ್ನು ಓದುವವರು ಎರಡು ಕಪಾಟುಗಳ ನಡುವೆ ಓಡಾಡಬೇಕು. ಎರಡು ವಿಶ್ವವಿದ್ಯಾಲಯಗಳ ಸ್ವಭಾವವೂ ಹೆಚ್ಚುಕಡಿಮೆ ಇದೇ ಗೆರೆಯ ಮೇಲೆ ಬೇರೆಯಾಗಿದೆ.

ಹುಟ್ಟಿನ ವಿಷಯದಲ್ಲಿ ಮೈಸೂರು ಹಿರಿದು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಎರಡೂ ಹೆತ್ತ ಸಂಸ್ಥೆಗಳು: ಮೈಸೂರಿನಿಂದ 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ, ಧಾರವಾಡದಿಂದ 1980ರಲ್ಲಿ ಗುಲಬರ್ಗಾ, 2010ರಲ್ಲಿ ರಾಣಿ ಚನ್ನಮ್ಮ. ಆದರೆ ಪ್ರವೇಶ ಪಡೆಯುವವರಿಗೆ ವಯಸ್ಸಿನಿಂದ ಆಗಬೇಕಾದದ್ದೇನೂ ಇಲ್ಲ. ಶತಮಾನ ಕಂಡ ಸಂಸ್ಥೆ ಎಂಬ ಒಂದೇ ಕಾರಣಕ್ಕೆ ಮೈಸೂರನ್ನು ಆರಿಸಿಕೊಂಡವರನ್ನು ನೋಡಿದ್ದೇನೆ. ತರಗತಿಯಲ್ಲಿ ಪಾಠ ಮಾಡುವುದು ಶತಮಾನವಲ್ಲ.

ಧಾರವಾಡದ ಮೊದಲ ಬಲ ಅದು ಕುಳಿತಿರುವ ಜಾಗ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಲಕ್ಕುಂಡಿ, ಹಾನಗಲ್ಲು, ಲಕ್ಷ್ಮೇಶ್ವರ, ಅಣ್ಣಿಗೇರಿ: ಹೆಸರು ಹೇಳುತ್ತಾ ಹೋದರೆ ಪುಟ ಸಾಲದು. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನ, ಐಹೊಳೆಯ ಮೇಗುತಿ ಬಸದಿಯಲ್ಲಿ 634ರ ರವಿಕೀರ್ತಿಯ ಶಾಸನ, ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ತ್ರಿಪದಿಗಳು. ಬೆಳಿಗ್ಗೆ ಬಸ್ ಹತ್ತಿದರೆ ಕತ್ತಲಾಗುವಷ್ಟರಲ್ಲಿ ವಾಪಸಾಗಬಹುದಾದ ದೂರ. ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರಕ್ಕೆ ಅಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಪಿ.ಬಿ. ದೇಸಾಯಿ, ಶ್ರೀನಿವಾಸ ರಿತ್ತಿ ಅವರಂಥವರು ಕಟ್ಟಿದ ಪರಂಪರೆ ಅದು.

ಕ್ಷೇತ್ರಕಾರ್ಯ ಎಂದರೇನೆಂದು ನನಗೆ ತಿಳಿದದ್ದು ಗದಗ ಕಡೆಯ ಒಂದು ಹಳ್ಳಿಯಲ್ಲಿ. ಗುಡಿಯ ಪಕ್ಕದಲ್ಲಿ ಅರ್ಧ ಹೂತ ಕಲ್ಲು. ಮೊದಲು ಬ್ರಷ್ ಹಿಡಿದು ಪಾಚಿ, ಎಣ್ಣೆ, ಕುಂಕುಮವೆಲ್ಲ ಹೋಗುವಂತೆ ಉಜ್ಜಿ ತೊಳೆದೆವು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್ಷಿನಿಂದ ತಟ್ಟುತ್ತಾ ಹೋದಂತೆ ಕಾಗದ ಅಕ್ಷರದ ಗುಣಿಯೊಳಕ್ಕೆ ಇಳಿಯುತ್ತದೆ. ಜೋರಾಗಿ ತಟ್ಟಿದರೆ ಹರಿಯುತ್ತದೆ, ಮೆಲ್ಲಗೆ ತಟ್ಟಿದರೆ ಅಕ್ಷರ ಏಳುವುದಿಲ್ಲ. ಆಮೇಲೆ ಬಟ್ಟೆಯ ಉಂಡೆಗೆ ಮಸಿ ತಾಗಿಸಿ ಒತ್ತಿದರೆ ಉಬ್ಬಿದ ಭಾಗ ಕಪ್ಪಾಗಿ, ತಗ್ಗಿನ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮೊದಲ ಸಾಲು ಕಾಣಿಸಿದ ಕೂಡಲೇ ಮೇಷ್ಟ್ರು ಕೇಳಿದ್ದು ‘ಶೈವವೋ ಜೈನವೋ?’ ‘ನಮಸ್ತುಂಗ’ ಎಂದು ಶುರುವಾದರೆ ಶಿವಸ್ತುತಿ, ‘ಶ್ರೀಮತ್ಪರಮಗಂಭೀರ’ ಎಂದಿದ್ದರೆ ಜಿನಶಾಸನದ ಸ್ತುತಿ. ನಮ್ಮದು ಶೈವ. ಅಷ್ಟರಲ್ಲಿ ಊರಿನ ಹಿರಿಯರೊಬ್ಬರು ಬಂದು, ನಿಧಿ ಎಲ್ಲಿದೆಯೆಂದು ಬರೆದಿದೆಯೇ ಎಂದು ವಿಚಾರಿಸಿದರು. ಬರೆದಿದ್ದದ್ದು ನಂದಾದೀಪಕ್ಕೆ ಗಾಣದ ಎಣ್ಣೆ ಬಿಟ್ಟ ಸಂಗತಿ. ಅವರಿಗೆ ನಿರಾಸೆಯಾಯಿತು, ನಮಗೆ ಹಬ್ಬ.

ಎಂ.ಎ. ಹಂತದಲ್ಲಿ ಇದು ಸಿಗಬೇಕು. ಅಕ್ಷರದ ಮೇಲೆ ಕೈ ಆಡಿಸದೆ ಲಿಪಿಯ ಪಟ್ಟಿ ಬಾಯಿಪಾಠ ಮಾಡಿದವರು ಪರೀಕ್ಷೆ ಪಾಸಾಗುತ್ತಾರೆ, ಕಲ್ಲಿನ ಮುಂದೆ ತಡವರಿಸುತ್ತಾರೆ.

ಇನ್ನೊಂದು ಬಲ ಧಾರವಾಡ ಊರೇ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಒಂದಲ್ಲ ಒಂದು ಉಪನ್ಯಾಸ ಇದ್ದೇ ಇರುತ್ತದೆ. ಪುಸ್ತಕ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಯಾರು ಬೇಕಾದರೂ ಹತ್ತಬಹುದು. ನಿವೃತ್ತ ಪ್ರಾಧ್ಯಾಪಕರ ಮನೆಗೆ ಹೋದರೆ ಚಹಾದ ಜೊತೆಗೆ ಎರಡು ಗಂಟೆಯ ಪಾಠ ಖಚಿತ, ನೀವು ಬೇಡವೆಂದರೂ. ಸಪ್ತಾಪುರದ ಕಡೆ ಹೋಗುವಾಗ ಮಾತ್ರ ಎಚ್ಚರ. ಅಲ್ಲಿ ಕಾಲಿಟ್ಟಲ್ಲೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರಗಳು. ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆಂದೇ ಬಂದು, ತಂಗಲು ಒಂದು ನೆಲೆ ಬೇಕೆಂದು ಎಂ.ಎ.ಗೆ ಸೇರಿದವರ ಸಹವಾಸ ನಿಮ್ಮನ್ನೂ ಎಳೆಯುತ್ತದೆ. ತಪ್ಪೇನಿಲ್ಲ, ಹೊಟ್ಟೆಪಾಡು. ಆದರೆ ಎರಡು ದೋಣಿಯಲ್ಲಿ ಕಾಲಿಟ್ಟರೆ ಶಾಸನ ಕೈಹಿಡಿಯುವುದಿಲ್ಲ.

ಊಟದ ಬಗ್ಗೆ ಒಂದೇ ಮಾತು: ಧಾರವಾಡದಲ್ಲಿ ಜೋಳದ ರೊಟ್ಟಿ, ಮೈಸೂರಿನಲ್ಲಿ ಮುದ್ದೆ, ಎರಡಕ್ಕೂ ಹೊಟ್ಟೆ ಒಗ್ಗಿಕೊಳ್ಳುತ್ತದೆ.

ಮೈಸೂರಿನ ಗುಣ ಕಾಣಿಸುವುದು ನಿಮ್ಮ ಪ್ರಶ್ನೆ ಸಣ್ಣದಾಗುತ್ತಾ ಹೋದಂತೆ. ಶಿಲಾಹಾರ ನಾಡಿನ ಸುಂಕಗಳು, ಹೊಯ್ಸಳರ ಕಾಲದ ಕೆರೆ ನಿರ್ವಹಣೆ, ಇಂಥ ಒಂದು ವಿಷಯ ಹಿಡಿದು ಕುಳಿತರೆ ಬೇಕಾದ ಆಕರವೆಲ್ಲ ಸೈಕಲ್ ದೂರದಲ್ಲಿದೆ. ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗದ ಕಚೇರಿ ಮೈಸೂರಿನಲ್ಲಿದೆ. ಬೇರೆ ಬೇರೆ ಭಾಗಗಳಿಂದ ದಶಕಗಳ ಕಾಲ ತಂದ ಪಡಿಯಚ್ಚುಗಳ, ಅಂದರೆ ಮಸಿ ಒತ್ತಿ ಕಲ್ಲಿನಿಂದ ಕಾಗದಕ್ಕಿಳಿಸಿದ ಪ್ರತಿಗಳ ಸಂಗ್ರಹ ಅಲ್ಲಿದೆ. ಅಚ್ಚಾದ ಪಾಠದ ಮೇಲೆ ಅನುಮಾನ ಬಂದರೆ ಮೂಲ ಪಡಿಯಚ್ಚು ನೋಡಲು ಅನುಮತಿ ಕೇಳಬಹುದು. ಧಾರವಾಡದಲ್ಲಿದ್ದಾಗ ನಾನು ಓದಿದ ಕೆಲವು ಶಾಸನಗಳ ಜಾಡು ಹಿಡಿದು ಕಡೆಗೆ ಮೈಸೂರಿಗೇ ಬರಬೇಕಾಯಿತು. ಬಾಂಬೆ-ಕರ್ನಾಟಕದ ಕಲ್ಲುಗಳ ಕಾಗದವೂ ಹಳೇ ಮೈಸೂರಿನ ಕಲ್ಲುಗಳ ಕಾಗದವೂ ಒಂದೇ ಊರಿನಲ್ಲಿ ಸಿಗುವುದು ಅಲ್ಲಿ.

ಓಲೆಗರಿಯ ವಿಷಯಕ್ಕೆ ಬಂದರೆ ಪೈಪೋಟಿಯೇ ಇಲ್ಲ. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿಲ್ಲ, ಹೊರಗೆ ಹಳೆಯ ಜ್ಯೂಬಿಲಿ ಕಟ್ಟಡದಲ್ಲಿದೆ. ಅಲ್ಲಿಯ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಗರಿಗಳಿಗೆ ಸವರಿದ ಸಿಟ್ರೊನೆಲಾ ಎಣ್ಣೆಯ ವಾಸನೆ ಒಂದು ವಾರದಲ್ಲಿ ನಿಮ್ಮ ಅಂಗಿಗೂ ಅಂಟಿಕೊಳ್ಳುತ್ತದೆ. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು 1972ರಿಂದ ಹೊರತಂದದ್ದೂ ಇದೇ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ. ಧಾರವಾಡಕ್ಕೂ ತನ್ನ ಸಂಪತ್ತಿದೆ; ಅಲ್ಲಿನ ಕನ್ನಡ ಸಂಶೋಧನಾ ಸಂಸ್ಥೆ, ಅದರ ವಸ್ತುಸಂಗ್ರಹಾಲಯ ಎರಡನ್ನೂ ಹಗುರವಾಗಿ ಕಾಣುವಂತಿಲ್ಲ. ಆದರೆ ಇಷ್ಟೊಂದು ಸಂಸ್ಥೆಗಳು ಒತ್ತೊತ್ತಾಗಿ ಇರುವ ಸೌಲಭ್ಯ ಮೈಸೂರಿಗೇ.

ಹಾಗಾದರೆ ಎಂ.ಎ.ಗೂ ಮೈಸೂರೇ ಆಗಬಹುದಲ್ಲ ಎನ್ನುವವರಿದ್ದಾರೆ. ಆಗಬಹುದು. ಸೋಮನಾಥಪುರ, ತಲಕಾಡು, ಶ್ರವಣಬೆಳಗೊಳ ಹತ್ತಿರದಲ್ಲೇ ಇವೆ. ಹೊಯ್ಸಳ, ಗಂಗರ ಮೇಲೆ ಮನಸ್ಸಿದ್ದರೆ ಅದೇ ಸರಿ. ನನ್ನ ಅಭಿಪ್ರಾಯಕ್ಕೆ ಕಾರಣ ಬೇರೆ. ಕದಂಬ, ಬಾದಾಮಿ ಚಾಲುಕ್ಯ, ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಹೀಗೆ ಲಿಪಿ ಬದಲಾದ ಬಗೆಯನ್ನು ಸಾಲಾಗಿ ಕಲ್ಲಿನ ಮೇಲೆಯೇ ನೋಡಿ ಕಲಿತವರಿಗೆ ಹೊಯ್ಸಳ ಲಿಪಿಯ ಅಲಂಕಾರ ಹೆದರಿಕೆ ಹುಟ್ಟಿಸುವುದಿಲ್ಲ. ತಿರುಗಿಸಿ ಕಲಿತವರು ಹಳೆಯ ಅಕ್ಷರದ ಮುಂದೆ ಮತ್ತೆ ಅ ಆ ಇ ಈ ಶುರು ಮಾಡಬೇಕಾಗುತ್ತದೆ.

ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಪಾಸಾಗಲು ಮೈಸೂರಿನ ಪದವಿ ಇದ್ದರೆ ಒಳ್ಳೆಯದು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಒಂದು ಕಾಲಕ್ಕೆ ಆ ಪರೀಕ್ಷೆಯನ್ನು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದದ್ದರಿಂದ ಹುಟ್ಟಿದ ನಂಬಿಕೆ ಇದು. ಆಗಲೂ ಅದಕ್ಕೆ ಅರ್ಥವಿರಲಿಲ್ಲ. ಈಗಂತೂ ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ.

ನನ್ನಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವವರು ಮೈಗ್ರೇಷನ್ ಸರ್ಟಿಫಿಕೇಟಿಗೆ ಬೇಗ ಅರ್ಜಿ ಹಾಕಿಬಿಡಿ. ಅದಕ್ಕಿಂತ ಮುಖ್ಯವಾದದ್ದು ಮಾರ್ಗದರ್ಶಕರು. ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕರೊಬ್ಬರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರನ್ನಷ್ಟೇ ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ನೀವು ಹೆಸರು ಕೇಳಿ ಹೋದವರು ಆ ಗೆರೆಯ ಆಚೆಗಿದ್ದರೆ ಮೈಸೂರಾದರೇನು, ಧಾರವಾಡವಾದರೇನು. ಆದ್ದರಿಂದ ಮೊದಲು ವಿಭಾಗಕ್ಕೆ ಹೋಗಿ. ಹಳಗನ್ನಡ ಶಾಸನ ಓದಿಸುವ ಕಾಯಂ ಅಧ್ಯಾಪಕರು ಯಾರು, ಕಳೆದ ವರ್ಷ ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಹೋಗಿದ್ದರು, ಯಾರ ಬಳಿ ಜಾಗ ಖಾಲಿಯಿದೆ ಎಂದು ಕೇಳಿ. ಕಚೇರಿಯವರನ್ನಲ್ಲ, ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ. ಅಲ್ಲಿಯವರೆಗೆ ಶುಲ್ಕ ಕಟ್ಟಬೇಡಿ.