ಕೂಲಂಟ್ ಮಟ್ಟದ ಎಚ್ಚರಿಕೆ ಸಾಧನ: ಭಾರದ ಲಾರಿಗಳಲ್ಲಿ ಕೆಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಡ್ಯಾಶ್‌ಬೋರ್ಡಿನಲ್ಲಿರುವ ತಾಪಮಾನದ ಮುಳ್ಳು ಕೂಲಂಟ್‌ನ, ಅಂದರೆ ಎಂಜಿನ್ ತಣಿಸುವ ದ್ರವದ, ಬಿಸಿಯನ್ನು ಮಾತ್ರ ತೋರಿಸುತ್ತದೆ. ಅದರ ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿರುವವರೆಗೆ ಮಾತ್ರ ಆ ಲೆಕ್ಕಕ್ಕೆ ಅರ್ಥವಿದೆ. ಹೋಸ್ ಪೈಪ್ ಒಡೆದು ಕೂಲಂಟ್ ರಸ್ತೆಗೆ ಸುರಿದುಹೋದರೆ ಸೆನ್ಸರ್ ಗಾಳಿಯಲ್ಲೋ ಹಬೆಯಲ್ಲೋ ಉಳಿದುಬಿಡುತ್ತದೆ. ಆಗ ಮುಳ್ಳು ನಡುಮಟ್ಟದಲ್ಲೇ ನಿಲ್ಲಬಹುದು, ಕೆಲವೊಮ್ಮೆ ಕೆಳಕ್ಕೂ ಇಳಿಯಬಹುದು. ಅದೇ ಹೊತ್ತಿಗೆ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಬಾಗುವಷ್ಟು ಕಾದಿರುತ್ತದೆ. ಭಾರದ ಲಾರಿಗಳ ನಿರ್ವಹಣೆ ನೋಡಿಕೊಳ್ಳುವ ನಾನು ಕೂಲಂಟ್ ಮಟ್ಟದ ಎಚ್ಚರಿಕೆ ಸಾಧನವನ್ನು ಪ್ರತ್ಯೇಕವಾಗಿ ಕೊಂಡು ಹಾಕಿಸುವುದಕ್ಕೆ ಈ ಒಂದು ಕಾರಣವೇ ಸಾಕಾಯಿತು. ಕೆಲವು ವರ್ಷ ಬಳಸಿದ ಮೇಲೆ ಅದರ ಗುಣವೂ ಕೊರತೆಯೂ ಸ್ಪಷ್ಟವಾಗಿವೆ.

ಸಾಧನ ಸರಳವಾಗಿದೆ. ಬಿಸಿಗೆ ಹಿಗ್ಗುವ ಕೂಲಂಟ್‌ಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನೊಳಗೆ ಕೂರುವ ತೇಲುಗುಂಡಿನ ಸ್ವಿಚ್ ಒಂದು, ಸಿಲಿಂಡರ್ ಹೆಡ್ಡಿನ ಮೇಲಿನ ಒಂದು ಬೋಲ್ಟಿನ ಅಡಿಗೆ ಬಿಗಿಯುವ ಉಂಗುರದ ಆಕಾರದ ತಾಪಮಾನ ಸೆನ್ಸರ್ ಒಂದು, ಕ್ಯಾಬಿನ್ನಿನಲ್ಲಿ ಅಂಕಿ ತೋರಿಸುವ ಪುಟ್ಟ ಪೆಟ್ಟಿಗೆ ಒಂದು. ಎರಡನೆಯ ಸೆನ್ಸರ್ ಲೋಹದ ಬಿಸಿಯನ್ನೇ ನೇರವಾಗಿ ಅಳೆಯುವುದರಿಂದ ಕೂಲಂಟ್ ಇರಲಿ, ಇಲ್ಲದಿರಲಿ, ಅದರ ಲೆಕ್ಕ ತಪ್ಪುವುದಿಲ್ಲ. ಮಟ್ಟ ಇಳಿದರೆ ಕಡಿಯದ ಒಂದೇ ಕೂಗು, ಲೋಹ ಕಾದರೆ ಬಿಟ್ಟುಬಿಟ್ಟು ಬರುವ ಕೂಗು. ಈ ಎರಡು ಸದ್ದುಗಳ ವ್ಯತ್ಯಾಸಕ್ಕಾಗಿಯೇ ನಾನು ಈ ಮಾದರಿಯನ್ನು ಆರಿಸಿದೆ. ಎರಡೂ ಸಂದರ್ಭಗಳಲ್ಲಿ ಚಾಲಕರು ಮಾಡಬೇಕಾದ ಕೆಲಸ ಒಂದಕ್ಕೊಂದು ವಿರುದ್ಧವಾಗಿರುವುದೇ ಅದಕ್ಕೆ ಕಾರಣ.

ಲೋಹ ಕಾದ ಸದ್ದು ಬಂದು ಕೂಲಂಟ್ ಮಟ್ಟ ಸರಿಯಾಗಿಯೇ ಇದ್ದರೆ, ಎಂಜಿನ್ ತನ್ನ ಬಿಸಿಯನ್ನು ಹೊರಹಾಕಲಾರದಷ್ಟು ದುಡಿಯುತ್ತಿದೆ ಎಂದರ್ಥ. ಡೀಸೆಲ್‌ನ ಶಕ್ತಿಯಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಕೂಲಂಟ್ ಮೂಲಕವೇ ಹೊರಹೋಗಬೇಕು. ತುಂಬಿದ ಲೋಡಿನೊಂದಿಗೆ ಉದ್ದನೆಯ ಏರನ್ನು ಮೇಲಿನ ಗೇರಿನಲ್ಲಿ ಎಳೆಯುವಾಗ ಎಂಜಿನ್ನಿನ ಸುತ್ತು ಕಡಿಮೆಯಾಗಿ, ಅದರೊಂದಿಗೆ ವಾಟರ್ ಪಂಪ್ ಮತ್ತು ಫ್ಯಾನ್ ಕೂಡ ನಿಧಾನವಾಗುತ್ತವೆ. ಆಗ ಒಂದು ಗೇರ್ ಇಳಿಸಿ, ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿ, ವೇಗ ಕಡಿಮೆ ಮಾಡಿಕೊಂಡು ಸುತ್ತನ್ನು ಹೆಚ್ಚಿಸಬೇಕು. ಏಸಿ ಆರಿಸಿ ಹೀಟರ್ ಹಾಕಿದರೆ ಕ್ಯಾಬಿನ್ನಿನ ಪುಟ್ಟ ರೇಡಿಯೇಟರ್ ಕೂಡ ಕೆಲಸಕ್ಕೆ ಬರುತ್ತದೆ. ಸೆಖೆಯಲ್ಲಿ ಇದು ಹಿಂಸೆಯೇ ಸರಿ, ಆದರೆ ಅಂಕಿ ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತದೆ. ಇಷ್ಟಕ್ಕೂ ಇಳಿಯದಿದ್ದರೆ ಪಕ್ಕಕ್ಕೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗಿಂತ ತುಸು ಹೆಚ್ಚಿನ ಸುತ್ತಿನಲ್ಲಿ ಕೆಲವು ನಿಮಿಷ ಎಂಜಿನ್ ನಡೆಸುತ್ತಲೇ ಇರಬೇಕು. ಕೂಡಲೇ ಆರಿಸಿದರೆ ಪಂಪ್ ನಿಂತು, ಹೆಡ್ಡಿನಲ್ಲೂ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದಲ್ಲೂ ಕೂಡಿಕೊಂಡ ಬಿಸಿ ಅಲ್ಲೇ ಉಳಿಯುತ್ತದೆ.

ಮಟ್ಟ ಇಳಿದ ಕೂಗು ಬಂದರೆ ಈ ಕ್ರಮವೆಲ್ಲ ತಲೆಕೆಳಗು. ಸುರಕ್ಷಿತವಾದ ಜಾಗದಲ್ಲಿ ಆದಷ್ಟು ಬೇಗ ನಿಲ್ಲಿಸಿ ಎಂಜಿನ್ ಆರಿಸಬೇಕು. ಹರಿಸಲು ಕೂಲಂಟೇ ಇಲ್ಲದ ಮೇಲೆ ಪಂಪ್ ತಿರುಗಿ ಪ್ರಯೋಜನವಿಲ್ಲ. ಒಂದೇ ಬಗೆಯ ಸದ್ದು ಮಾಡುವ ಅಗ್ಗದ ಸಾಧನಗಳು ಇಲ್ಲಿಯೇ ಸೋಲುತ್ತವೆ. ಸದ್ದು ಕೇಳಿದ ಚಾಲಕ ಆರಿಸಬೇಕೋ ನಡೆಸಬೇಕೋ ಎಂದು ಯೋಚಿಸುತ್ತಾ ಕುಳಿತರೆ ಹೆಡ್ಡಿನ ಅಡಿಯ ಗ್ಯಾಸ್ಕೆಟ್ ಅಲ್ಲಿಯವರೆಗೆ ತಾಳುವುದಿಲ್ಲ. ನಮ್ಮ ಪ್ರತಿಯೊಂದು ಪೆಟ್ಟಿಗೆಯ ಕೆಳಗೂ ಎರಡು ಸಾಲಿನ ಚೀಟಿ ಅಂಟಿಸಿದ್ದೇವೆ: ಬಿಡದೆ ಕೂಗಿದರೆ ಆರಿಸಿ, ಬಿಟ್ಟುಬಿಟ್ಟು ಕೂಗಿದರೆ ಗೇರ್ ಇಳಿಸಿ. ಎರಡೂ ಸಂದರ್ಭಗಳಲ್ಲಿ ಬಿಸಿಯಿರುವಾಗ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆಯುವಂತಿಲ್ಲ, ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವಂತಿಲ್ಲ. ಮೊದಲನೆಯದರಿಂದ ಮುಖ ಸುಡುತ್ತದೆ, ಎರಡನೆಯದರಿಂದ ಬ್ಲಾಕೋ ಹೆಡ್ಡೋ ಬಿರುಕು ಬಿಡುತ್ತದೆ.

ಈ ಅವಧಿಯಲ್ಲಿ ಸಾಧನ ಹಿಡಿದುಕೊಟ್ಟ ತೊಂದರೆಗಳಲ್ಲಿ ಹೆಚ್ಚಿನವು ನಿಧಾನದ ಸೋರಿಕೆಗಳು. ವಾಟರ್ ಪಂಪಿನ ಕೆಳಗಿರುವ ಪುಟ್ಟ ರಂಧ್ರದಿಂದ ಜಿನುಗಿ ಒಣಗಿದ ಬಿಳಿ ಗೆರೆ, ಕ್ಲಿಪ್ ಸಡಿಲವಾಗಿ ಎಂಜಿನ್ ತಣ್ಣಗಿರುವಾಗ ಮಾತ್ರ ತೊಟ್ಟಿಕ್ಕುವ ಕೆಳಗಿನ ಹೋಸ್, ಹೀಟರಿನ ಪೈಪಿನ ಬುಡ, ಇಂಥವು. ನೆನಪಿನಲ್ಲಿ ಉಳಿದದ್ದು ಮಾತ್ರ ಬೇರೆಯದೇ ಬಗೆಯದು. ಒಂದು ಲಾರಿಯಲ್ಲಿ ಬೆಳಿಗ್ಗೆ ಕೀಲಿ ತಿರುಗಿಸಿದ ಕೂಡಲೇ ಕೂಗು ಬರುತ್ತಿತ್ತು. ಟ್ಯಾಂಕಿಗೆ ಸ್ವಲ್ಪ ಕೂಲಂಟ್ ಸೇರಿಸಿದರೆ ನಿಲ್ಲುತ್ತಿತ್ತು. ಕೆಲವು ದಿನ ಕಳೆದರೆ ಮತ್ತೆ ಅದೇ. ಲಾರಿಯ ಅಡಿಯ ನೆಲ ಒಣಗಿತ್ತು, ಹೋಸ್‌ಗಳ ಮೇಲೆ ಕಲೆಯಿರಲಿಲ್ಲ, ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ, ದಾರಿಯಲ್ಲಿ ತಾಪಮಾನ ಒಮ್ಮೆಯೂ ಮೇಲೇರಿರಲಿಲ್ಲ. ಮುಚ್ಚಳದ ಜಾಗಕ್ಕೆ ಕೈಪಂಪಿನ ಒತ್ತಡಮಾಪಕ ಕೂರಿಸಿ ರಾತ್ರಿಯಿಡೀ ಬಿಟ್ಟಾಗ ಒತ್ತಡ ಇಳಿದಿತ್ತು, ಆದರೂ ಹೊರಗೆ ಒಂದು ಹನಿ ಇರಲಿಲ್ಲ. ಕಡೆಗೆ ಈಜಿಆರ್ ಕೂಲರ್, ಅಂದರೆ ಎಂಜಿನ್ನಿಗೆ ಮರಳಿಸುವ ಹೊಗೆಯನ್ನು ಕೂಲಂಟ್‌ನಿಂದ ತಣಿಸುವ ಭಾಗ, ಬಿಚ್ಚಿ ನೋಡಿದರೆ, ಮಸಿಯಿಂದ ಕಪ್ಪಾಗಿರಬೇಕಿದ್ದ ಅದರ ಹೊಗೆಯ ನಾಳಗಳಲ್ಲಿ ಒಂದು ಮಾತ್ರ ತೊಳೆದಿಟ್ಟಷ್ಟು ಶುಭ್ರವಾಗಿತ್ತು. ಒಳಗಿನ ಬಿರುಕಿನಿಂದ ಜಿನುಗಿದ ಕೂಲಂಟ್ ಹಬೆಯಾಗಿ ಸೈಲೆನ್ಸರಿನಿಂದ ಹೊರಹೋಗುತ್ತಿತ್ತು. ಡ್ಯಾಶ್‌ಬೋರ್ಡಿನ ಮುಳ್ಳೊಂದನ್ನೇ ನಂಬಿದ್ದರೆ ಈ ದೋಷ ಗೊತ್ತಾಗುತ್ತಿದ್ದುದು ನಡುದಾರಿಯಲ್ಲಿ, ಅದೂ ಹೆಡ್ ಹೋದ ಮೇಲೆ.

ಈ ಸಾಧನ ಕಾಣಲಾರದ್ದೂ ಸಾಕಷ್ಟಿದೆ, ಕೊಳ್ಳುವವರು ಅದನ್ನು ತಿಳಿದಿರಬೇಕು. ರೇಡಿಯೇಟರಿನಲ್ಲಿ ಕೊಳೆ ತುಂಬಿದ್ದರೆ ಮಟ್ಟ ಸರಿಯಾಗಿಯೇ ಇರುತ್ತದೆ, ಲೋಹ ಕಾದ ಮೇಲಷ್ಟೇ ಪೆಟ್ಟಿಗೆ ಕೂಗುತ್ತದೆ. ಲಾರಿಯ ಮುಂದೆ ನಿಂತು ನೋಡಿದರೆ ಕಾಣುವುದು ಏಸಿಯ ಕಂಡೆನ್ಸರ್ ಇಲ್ಲವೇ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. ಅದು ಶುಭ್ರವಾಗಿದ್ದ ಮಾತ್ರಕ್ಕೆ ರೇಡಿಯೇಟರ್ ಶುಭ್ರವಾಗಿದೆ ಎಂದುಕೊಳ್ಳುವಂತಿಲ್ಲ. ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಧೂಳು, ಹುಳ, ಎಣ್ಣೆಯ ಜಿಡ್ಡು ಸೇರಿ ಕಂಬಳಿ ಹೊದಿಸಿದಂತೆ ಕೂತಿರುತ್ತದೆ. ಅದನ್ನು ಎಂಜಿನ್ನಿನ ಕಡೆಯಿಂದ ಮುಂದಕ್ಕೆ, ಅಂದರೆ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ವಾಹನ ತೊಳೆಯುವ ಜೋರು ಪಂಪನ್ನು ಹತ್ತಿರ ಹಿಡಿದರೆ ಅಲ್ಯುಮಿನಿಯಂ ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಫ್ಯಾನನ್ನು ಎಂಜಿನ್ನಿನೊಂದಿಗೆ ಜೋಡಿಸುವ ಫ್ಯಾನ್ ಕ್ಲಚ್ಚಿನ ದೋಷವೂ ಇಂಥದೇ. ಸಿಲಿಕೋನ್ ಎಣ್ಣೆಯಿಂದ ಕೆಲಸ ಮಾಡುವ ಕ್ಲಚ್ಚಿನಲ್ಲಿ ಎಣ್ಣೆ ಸೋರಿಹೋದರೆ ಫ್ಯಾನ್ ತಿರುಗುತ್ತಿರುವಂತೆ ಕಾಣುತ್ತದೆ, ಆದರೆ ಗಾಳಿ ಎಳೆಯುವುದಿಲ್ಲ. ಹೆದ್ದಾರಿಯಲ್ಲಿ ಓಟದ ಗಾಳಿಯೇ ರೇಡಿಯೇಟರಿಗೆ ಸಾಕಾಗುವುದರಿಂದ ಯಾರಿಗೂ ಸುಳಿವು ಸಿಗುವುದಿಲ್ಲ. ನಿಧಾನವಾಗಿ ಏರು ಹತ್ತುವಾಗ, ಅದರಲ್ಲೂ ಹಿಂದಿನಿಂದ ಗಾಳಿ ಬೀಸುತ್ತಿದ್ದರೆ, ಬಣ್ಣ ಬಯಲಾಗುತ್ತದೆ. ಲೋಹದ ಸೆನ್ಸರ್ ಏರಿನಲ್ಲಿ ಮಾತ್ರ ಕೂಗಿ ಸಮತಟ್ಟಿನಲ್ಲಿ ಸುಮ್ಮನಿದ್ದರೆ ನಾವು ಮೊದಲು ನೋಡುವುದು ಕ್ಲಚ್ಚಿನ ಮುಖದ ಮೇಲೆ ಎಣ್ಣೆಯ ಗೆರೆ ಇದೆಯೇ ಎಂದು. ಹೈಡ್ರಾಲಿಕ್ ರಿಟಾರ್ಡರ್, ಅಂದರೆ ದ್ರವದ ತಡೆಯಿಂದ ಲಾರಿಯ ವೇಗ ತಗ್ಗಿಸುವ ಸಾಧನ, ಇರುವ ಲಾರಿಯಲ್ಲಿ ಅದು ಇಳಿಜಾರಿನಲ್ಲಿ ಕೂಗಿದರೆ ಗಾಬರಿಪಡಬೇಕಿಲ್ಲ. ಅಂಥ ಲಾರಿಯಲ್ಲಿ ಬ್ರೇಕಿನ ಬಿಸಿಯೂ ಕೂಲಂಟಿಗೇ ಬರುತ್ತದೆ, ಆದ್ದರಿಂದ ಅಲ್ಲಿಯೂ ಗೇರ್ ಇಳಿಸಿ ಸುತ್ತು ಹೆಚ್ಚಿಸಿಕೊಳ್ಳಬೇಕು.

ಕೂಲಂಟ್ ವಿಷಯದಲ್ಲಿ ಸಾಧನಕ್ಕೆ ತಿಳಿಯುವುದು ಮಟ್ಟ ಮಾತ್ರ, ಗುಣವಲ್ಲ. ಎಥಿಲೀನ್ ಗ್ಲೈಕಾಲ್ ಮತ್ತು ಶುದ್ಧೀಕರಿಸಿದ ನೀರನ್ನು ಸಮಪಾಲು ಬೆರೆಸಿದ ಕೂಲಂಟ್ ಹೊರಗಿನ ಗಾಳಿಯ ಸಾಮಾನ್ಯ ಒತ್ತಡದಲ್ಲಿ ಸುಮಾರು 108 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. 15 ಪಿಎಸ್‌ಐ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಕುದಿಯುವ ಮಟ್ಟ ಸುಮಾರು 129 ಡಿಗ್ರಿಗೆ ಏರುತ್ತದೆ. ಸುಮಾರು 20 ಡಿಗ್ರಿಯ ಈ ಭದ್ರತೆ ನಿಂತಿರುವುದು ಮುಚ್ಚಳದ ರಬ್ಬರಿನ ಮೇಲೆ. ಎಂಜಿನ್ ತಣಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಅಂಟಿಕೊಂಡಿದ್ದರೆ ಮುಚ್ಚಳದ ಒಳವಾಲ್ವ್ ಕೆಟ್ಟಿರುವ ಸಂಭವ ಹೆಚ್ಚು. ಮುಚ್ಚಳ ಬದಲಿಸುವುದು ಎಲ್ಲ ದುರಸ್ತಿಗಳಿಗಿಂತ ಸುಲಭವಾಗಿದ್ದರೂ ಎಲ್ಲರೂ ಕಡೆಗೆ ಮಾಡುವ ಕೆಲಸ ಅದೇ. ಗ್ಲೈಕಾಲ್ ಹೆಚ್ಚು ಹಾಕಿದರೆ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ, ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ನೀರೇ ಮೇಲು. ಬರೀ ಗಡಸು ನೀರು ಹಾಕಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಜೊತೆಗೆ ಪಿಸ್ಟನ್ ಓಡಾಡುವ ಕೊಳವೆಗಳಾದ ಲೈನರುಗಳ ಹೊರಮೈಯಲ್ಲಿ ಗುಳ್ಳೆಗಳು ಸಿಡಿದು ಸೂಜಿಯಲ್ಲಿ ಚುಚ್ಚಿದಂಥ ಕುಳಿಗಳನ್ನು ತೋಡದಂತೆ ತಡೆಯುವ ರಾಸಾಯನಿಕಗಳೂ ಇಲ್ಲವಾಗುತ್ತವೆ. ಬಿಸಿಗೆ ತಕ್ಕಂತೆ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟ್ಯಾಟ್ ತೆಗೆದುಹಾಕುವ ಹಳೆಯ ಚಾಳಿಯ ಬಗ್ಗೆ ಒಂದು ಮಾತು: ಅನೇಕ ಎಂಜಿನ್ನುಗಳಲ್ಲಿ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದೇ ಥರ್ಮೋಸ್ಟ್ಯಾಟ್, ತೆಗೆದರೆ ಕೂಲಂಟ್‌ನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಎಂಜಿನ್ನಿಗೆ ಮರಳುತ್ತದೆ.

ಈಗ ದೂರುಗಳು. ತೇಲುಗುಂಡು ಈ ಸಾಧನದ ದುರ್ಬಲ ಅಂಗ. ಎರಡು ಬೇರೆ ಬಗೆಯ ಕೂಲಂಟ್‌ಗಳು ಬೆರೆತುಹೋಗಿದ್ದ ಒಂದು ಲಾರಿಯಲ್ಲಿ ಟ್ಯಾಂಕಿನೊಳಗೆ ಅಂಟಿನಂಥ ಗಸಿ ಕಟ್ಟಿ, ತೇಲುಗುಂಡು ಮೇಲೆಯೇ ಸಿಕ್ಕಿಕೊಂಡಿತ್ತು. ಮಟ್ಟ ಇಳಿದರೂ ಸಾಧನ ಮೌನವಾಗಿತ್ತು. ಅಂದಿನಿಂದ ಸರ್ವಿಸ್ ಮಾಡುವಾಗಲೆಲ್ಲ ತೇಲುಗುಂಡನ್ನು ಹೊರತೆಗೆದು ಒರೆಸಿ, ಕೈಯಿಂದ ಮೇಲೆ ಕೆಳಗೆ ಆಡಿಸಿ ಸದ್ದು ಬರುವುದನ್ನು ಕೇಳಿಸಿಕೊಂಡ ಮೇಲೆಯೇ ಮರಳಿ ಕೂರಿಸುತ್ತೇವೆ. ಎರಡನೆಯ ದೂರು ಸುಳ್ಳು ಕೂಗಿನದು. ಲಾರಿ ಓರೆಯಾಗಿ ನಿಂತಾಗಲೂ ಜೋರಾಗಿ ಬ್ರೇಕ್ ಹಾಕಿದಾಗಲೂ ಕೂಲಂಟ್ ಒಂದು ಬದಿಗೆ ಸರಿದು ಎಚ್ಚರಿಕೆ ಬರುತ್ತದೆ. ಎಚ್ಚರಿಕೆಗೆ ಮುನ್ನ ಕೆಲವು ಸೆಕೆಂಡು ತಡೆಯುವ ಸೌಲಭ್ಯ ಪೆಟ್ಟಿಗೆಯಲ್ಲಿದೆ, ಆದರೆ ಕಾರ್ಖಾನೆಯಿಂದ ಬರುವಾಗ ಅದನ್ನು ತೀರ ಕಡಿಮೆಗೆ ಇಟ್ಟಿರುತ್ತಾರೆ. ಹೆಚ್ಚಿಸಿಕೊಳ್ಳದಿದ್ದರೆ ಬೇಸತ್ತ ಚಾಲಕ ಸದ್ದು ಅಡಗಿಸುವ ಗುಂಡಿಯನ್ನು ಒತ್ತಿಯೇ ಇಡುತ್ತಾನೆ. ಆ ಗುಂಡಿಯನ್ನು ಒತ್ತಿದರೆ ಮತ್ತೆ ತಾನಾಗಿ ಬಿಡುಗಡೆಯಾಗುವಂತೆ ಮಾಡದೆ ಇದ್ದದ್ದು ತಯಾರಕರ ದೊಡ್ಡ ಲೋಪವೆಂದು ನನ್ನ ಅಭಿಪ್ರಾಯ. ಹಳೆಯ ಲಾರಿಗಳ ಎಂಜಿನ್ ಸದ್ದಿನ ಮುಂದೆ ಕೂಗು ಕೂಡ ಸಣ್ಣದೇ. ನಾವು ಹೊರಗಿನಿಂದ ಇನ್ನೊಂದು ಬಜರ್ ಜೋಡಿಸಿಕೊಂಡಿದ್ದೇವೆ.

ತಾಪಮಾನದ ಮಿತಿಯನ್ನು ನಾವೇ ಗೊತ್ತುಮಾಡಿಕೊಳ್ಳಬೇಕಾದದ್ದು ಕೆಲವರಿಗೆ ತೊಡಕೆನಿಸಬಹುದು, ನನಗೆ ಅದು ಗುಣವಾಗಿಯೇ ಕಂಡಿತು. ಹೆಡ್ಡಿನ ಯಾವ ಬೋಲ್ಟಿಗೆ ಸೆನ್ಸರ್ ಬಿಗಿದಿದ್ದೇವೆ ಎಂಬುದರ ಮೇಲೆ ಅಂಕಿ ಬದಲಾಗುವುದರಿಂದ ಎಲ್ಲ ಎಂಜಿನ್ನಿಗೂ ಹೊಂದುವ ಒಂದು ಸಂಖ್ಯೆ ಇರಲಾರದು. ಹೆಡ್ಡನ್ನು ಬ್ಲಾಕಿಗೆ ಹಿಡಿದಿರುವ ಬೋಲ್ಟನ್ನು ಮುಟ್ಟದೆ, ಲಿಫ್ಟಿಂಗ್ ಹುಕ್ಕಿನಂಥ ಇತರ ಭಾಗದ ಬೋಲ್ಟನ್ನೇ ಬಳಸಬೇಕು. ಟರ್ಬೊ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪಕ್ಕದ್ದು ಬೇಡ. ಆಮೇಲೆ ಪೂರ್ತಿ ಲೋಡಿನೊಂದಿಗೆ ಉದ್ದನೆಯ ಏರು ಹತ್ತಿಸಿ, ಅಂಕಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ಅದಕ್ಕಿಂತ 8ರಿಂದ 10 ಡಿಗ್ರಿ ಮೇಲೆ ಮಿತಿ ಇಟ್ಟರೆ ಸುಳ್ಳು ಕೂಗೂ ಇರುವುದಿಲ್ಲ, ತಡವೂ ಆಗುವುದಿಲ್ಲ. ವೈರನ್ನು ಫ್ಯೂಸಿನ ಮೂಲಕವೇ ತರಬೇಕು, ಕನೆಕ್ಟರುಗಳಿಗೆ ನೀರು ಹೋಗದಂತೆ ಶಾಖಕ್ಕೆ ಕುಗ್ಗುವ ಕೊಳವೆ ಹಾಕಬೇಕು. ನಮ್ಮಲ್ಲಿ ಕೆಟ್ಟುನಿಂತ ಸಾಧನಗಳಲ್ಲಿ ಬಹುಪಾಲು ಕನೆಕ್ಟರಿನ ತುಕ್ಕಿನಿಂದಲೇ ಕೆಟ್ಟವು.

ಕಾರ್ಖಾನೆಯಿಂದಲೇ ಮಟ್ಟದ ಸೆನ್ಸರ್ ಬಂದಿರುವ ಲಾರಿಗಳಿಗೆ ಇದನ್ನು ಕೊಳ್ಳಬೇಕೆಂದು ಹೇಳಲಾರೆ. ವಾಹನದ ಕಂಪ್ಯೂಟರುಗಳು ಮಾಹಿತಿ ಹಂಚಿಕೊಳ್ಳುವ ಜೆ1939 ಎಂಬ ಜಾಲವಿರುವ ಎಂಜಿನ್ನುಗಳಲ್ಲಿ ಕೂಲಂಟ್‌ನ ತಾಪಮಾನಕ್ಕೆ ಎಸ್‌ಪಿಎನ್ 110, ಮಟ್ಟಕ್ಕೆ ಎಸ್‌ಪಿಎನ್ 111 ಎಂಬ ಸಂಕೇತಗಳಿವೆ; ಸ್ಕ್ಯಾನರ್ ಜೋಡಿಸಿದಾಗ ಎರಡನೆಯದರ ಮಾಹಿತಿ ಬರುತ್ತಿದ್ದರೆ, ಮಟ್ಟ ಇಳಿದಾಗ ಎಂಜಿನ್ನಿನ ಕಂಪ್ಯೂಟರೇ ಎಚ್ಚರಿಸಿ, ಸೆಟ್ಟಿಂಗ್ ಇದ್ದಲ್ಲಿ ಶಕ್ತಿಯನ್ನೂ ತಗ್ಗಿಸುತ್ತದೆ. ಅಂಥ ಲಾರಿಗಳಿಗೆ ಲೋಹದ ಸೆನ್ಸರ್ ಒಂದನ್ನೇ ಹಾಕಿಸಿದರೆ ಸಾಕು. ಆ ಸೌಲಭ್ಯವಿಲ್ಲದ ಹಳೆಯ ಲಾರಿಗಳಿಗೆ ಮಾತ್ರ ಈ ಸಾಧನವನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ತೇಲುಗುಂಡಿಗೂ ಸದ್ದು ಅಡಗಿಸುವ ಗುಂಡಿಗೂ ಸೇರಿದ್ದು. ಯಾವ ಕಂಪನಿಯದನ್ನು ಕೊಂಡರೂ, ಹಣ ಕೊಡುವ ಮುನ್ನ ಪೆಟ್ಟಿಗೆಗೆ ವಿದ್ಯುತ್ ಕೊಟ್ಟು, ಮಟ್ಟದ ಸೆನ್ಸರಿನ ಪ್ಲಗ್ಗನ್ನು ಎಳೆದು ನೋಡಿ. ತಂತಿ ತುಂಡಾದದ್ದನ್ನೂ ಅಪಾಯವೆಂದು ತಿಳಿದು ಅದು ಕೂಗಬೇಕು. ಸುಮ್ಮನಿದ್ದರೆ ಅದನ್ನು ಅಲ್ಲೇ ಬಿಟ್ಟು ಬೇರೆಯದನ್ನು ನೋಡಿ.